ಕಿಟೆಲ್ ಸ್ಮರಣೆಯ ಸಂದೇಶದಲ್ಲಿ ಎರಡು ತಪ್ಪು

ಕನ್ನಡ–ಇಂಗ್ಲಿಷ್ ನಿಘಂಟು ರಚಿಸಿದ ಜರ್ಮನ್ ಮಿಷನರಿ ಫರ್ಡಿನೆಂಡ್ ಕಿಟೆಲ್ ಅವರನ್ನು ಸ್ಮರಿಸುವ ಸಂದೇಶವೊಂದು ನಮ್ಮ ಕ್ರೈಸ್ತ ಸಭೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ‘ಬೈಬಲನ್ನು ಮೊಟ್ಟಮೊದಲು ಕನ್ನಡಕ್ಕೆ ತಂದವರು, ನಮ್ಮ ನಾಡಿನಲ್ಲೇ ಮಣ್ಣಾದವರು’ ಎಂಬುದು ಅದರ ಸಾರ. ಪ್ರೀತಿ ನಿಜ, ಸಂಗತಿ ಎರಡೂ ತಪ್ಪು.

ಕನ್ನಡದ ಸಂಪೂರ್ಣ ಬೈಬಲ್ 1831ರಲ್ಲೇ ಬಳ್ಳಾರಿಯಲ್ಲಿ ಅಚ್ಚಾಯಿತು. ಆ ಅನುವಾದದ ಮುಖ್ಯ ಶ್ರಮ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರದು. ಕಿಟೆಲ್ ಹುಟ್ಟಿದ್ದೇ 1832ರಲ್ಲಿ! ಬಾಸೆಲ್ ಮಿಷನ್ ಮೂಲಕ ಭಾರತಕ್ಕೆ ಬಂದದ್ದು 1853ರಲ್ಲಿ. ಹ್ಯಾಂಡ್ಸ್ ಹೆಸರು ನಮ್ಮವರ ಬಾಯಲ್ಲಿ ಬರುವುದೇ ಅಪರೂಪ. ಇದ್ದೊಂದು ಕೀರ್ತಿಯನ್ನೂ ಕಸಿಯುವುದು ಬೇಡ.

ಕಿಟೆಲ್ ತೀರಿಕೊಂಡದ್ದು 1903ರ ಡಿಸೆಂಬರ್‌ನಲ್ಲಿ, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಅವರನ್ನು ಬೋಧಕರೆಂದು ನೆನೆಯಬೇಕೆಂದರೆ 1862ರ ‘ಕಥಾಮಾಲೆ’ ಇದೆ. ಅದರಲ್ಲಿ ಯೇಸುವಿನ ಜೀವನವನ್ನು ಪದ್ಯವಾಗಿ ಹೇಳಿದ್ದಾರೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಪದಗಳ ನಿಘಂಟಂತೂ ಇದ್ದೇ ಇದೆ. ಅದರ ಪುಟ ತಿರುವಿದರೆ ಅರ್ಥದ ಬೆನ್ನಿಗೇ ಗಾದೆಗಳು ಸಿಗುತ್ತವೆ. ಸಂದೇಶವನ್ನು ಮುಂದೆ ಕಳುಹಿಸುವವರು ದಯವಿಟ್ಟು ಆ ಎರಡು ಸಾಲುಗಳನ್ನು ತೆಗೆದು ಕಳುಹಿಸಿ.