ಕೈರುಚಿಯಿಂದ ಕಡತಕ್ಕೆ

ನನ್ನ ದುಡಿಮೆಯ ಮೊದಲ ವರ್ಷಗಳು ಕರ್ನಾಟಕದ ಒಂದು ಸಣ್ಣ ಆಹಾರ ತಯಾರಿಕಾ ಘಟಕದಲ್ಲಿ ಕಳೆದವು. ಉಳಿದವು ಹೊರನಾಡಿನಲ್ಲಿ, ಅದೇ ಉದ್ದಿಮೆಯ ದೊಡ್ಡ ಕಾರ್ಖಾನೆಗಳಲ್ಲಿ. ಆ ಸಣ್ಣ ಘಟಕದಲ್ಲಿ ತೀರ್ಮಾನಗಳನ್ನು ಮಾಲೀಕರ ನೆನಪು ಕಾಯುತ್ತಿತ್ತು, ಇಲ್ಲಿ ಹೊರನಾಡಿನಲ್ಲಿ ಕಡತ ಕಾಯುತ್ತದೆ.

ಆ ಮಾಲೀಕರು ಪ್ರತಿ ಹಂಡೆಯ ಬಳಿ ನಿಂತು, ಚಮಚದ ತುದಿಯಲ್ಲಿ ರುಚಿ ನೋಡಿ, ‘ಇನ್ನೆರಡು ನಿಮಿಷ ಬೇಯಲಿ’ ಎನ್ನುತ್ತಿದ್ದರು. ಅವರ ಅಂದಾಜು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಬೇಡಿಕೆ ಏರಿತೆಂದು ದೊಡ್ಡ ಹಂಡೆ ತಂದ ವಾರವೇ ಸರಕು ಕೆಟ್ಟಿತು. ಹಂಡೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಗೊಳಿಸಿದರೆ ಅದು ಹಿಡಿಯುವ ಪ್ರಮಾಣ 8 ಪಟ್ಟಾಗುತ್ತದೆ, ಶಾಖ ತಾಗುವ ಮೈ ಮಾತ್ರ 4 ಪಟ್ಟು. ಹೀಗಾಗಿ ನಡುವಿನ ಸರಕು ಕಾಯುವುದೂ ತಡ, ಆರುವುದೂ ತಡ. ಬೆಳವಣಿಗೆಯ ಯೋಜನೆ ಹಾಕುವಾಗ ಈ ಲೆಕ್ಕವನ್ನು ನಾವ್ಯಾರೂ ಮಾಡಿರಲಿಲ್ಲ.

ಇಲ್ಲಿ ಮೊದಲು ಕೇಳುವುದೇ ಅಂಥ ಲೆಕ್ಕವನ್ನು. ಗಾಳಿಯಾಡದ ಡಬ್ಬಿಯೊಳಗಿನ ಆಹಾರದ ಪಿಎಚ್ (ಹುಳಿಯ ಅಳತೆ; ಅಂಕಿ ಏರಿದಷ್ಟೂ ಹುಳಿ ಕಡಿಮೆ) 4.6ನ್ನು ದಾಟಿದರೆ ಬಾಟುಲಿನಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿರುವುದರಿಂದ, ಒಂದು ದಶಾಂಶದ ಏರಿಕೆಯೂ ಬೇಯಿಸುವ ವಿಧಾನವನ್ನು, ಕೊಳ್ಳಬೇಕಾದ ಯಂತ್ರವನ್ನು, ಕೊನೆಗೆ ಹೂಡಬೇಕಾದ ಬಂಡವಾಳವನ್ನೇ ಬದಲಿಸಿಬಿಡಬಹುದು. ಆಹಾರ ಉದ್ದಿಮೆಯ ಕಾರ್ಯತಂತ್ರ ಪ್ರಯೋಗಾಲಯದಲ್ಲಿ ಹುಟ್ಟುತ್ತದೆ ಎಂದು ನಾನು ನಂಬಿರುವುದು ಇದರಿಂದಲೇ. 1960ರ ದಶಕದಲ್ಲಿ ನಾಸಾದ ಗಗನಯಾನಿಗಳಿಗೆ ಆಹಾರ ತಯಾರಿಸಿದ ಪಿಲ್ಸ್‌ಬರಿ ಕಂಪನಿಯವರೂ ಇದನ್ನೇ ಕಂಡುಕೊಂಡರು: ಸಿದ್ಧವಾದ ಸರಕನ್ನು ಪರೀಕ್ಷಿಸಿ ಸುರಕ್ಷತೆಯನ್ನು ಖಚಿತಪಡಿಸಹೊರಟರೆ ಬಹುಪಾಲು ಸರಕು ಪರೀಕ್ಷೆಗೇ ಮುಗಿದುಹೋಗುತ್ತದೆ, ಆದ್ದರಿಂದ ಅಪಾಯ ಹುಟ್ಟುವ ಹಂತಗಳನ್ನೇ ಗುರುತಿಸಿ ಕಾವಲಿಡಬೇಕು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಎಚ್‌ಎಸಿಸಿಪಿ (ಅಪಾಯ ವಿಶ್ಲೇಷಣೆ ಮತ್ತು ನಿರ್ಣಾಯಕ ನಿಯಂತ್ರಣ ಹಂತಗಳು) ಪದ್ಧತಿ ಬೆಳೆದದ್ದು ಹೀಗೆ.

ಹಾಗೆಂದು ಕಡತವನ್ನು ಹೊಗಳಿ ಸುಮ್ಮನಾಗಲಾರೆ. ಒಳ್ಳೆಯ ಹೊಸ ಕಲ್ಪನೆಯೊಂದು ಸಹಿಗಾಗಿ ಮೇಜಿನಿಂದ ಮೇಜಿಗೆ ಅಲೆದು, ಅದನ್ನು ತಂದವನೇ ಬೇಸತ್ತು ಕೈಬಿಟ್ಟದ್ದನ್ನು ಇಲ್ಲಿ ಎಷ್ಟೋ ಸಲ ನೋಡಿದ್ದೇನೆ, ಮತ್ತು ಪ್ರತಿ ಸಲವೂ ಆ ಹಳೆಯ ಮಾಲೀಕರ ಧೈರ್ಯ ನೆನಪಾಗಿದೆ. ಧೈರ್ಯ ಮತ್ತು ತಾಳ್ಮೆ ಜೊತೆಗೂಡಿದ್ದಕ್ಕೆ ಸೋಯಾ ಸಾಸ್ ತಯಾರಿಸುವ ಜಪಾನಿನ ಕಿಕ್ಕೊಮನ್ ಕಂಪನಿ ನನಗೆ ಮೆಚ್ಚಿನ ನಿದರ್ಶನ. 1957ರಲ್ಲಿ ಅಮೆರಿಕದಲ್ಲಿ ಮಾರಾಟದ ಕಂಪನಿ ತೆರೆದ ಅವರು, ಅಲ್ಲಿ ಕಾರ್ಖಾನೆ ಆರಂಭಿಸಿದ್ದು 1973ರಲ್ಲಿ. ನಡುವಿನ 16 ವರ್ಷ ಅವರು ಗಿರಾಕಿಯ ಅಡುಗೆಮನೆಯನ್ನು ಅರಿತರು. ನಾವು ಹಂಡೆಯನ್ನು ಮೊದಲು ಕೊಂಡೆವು.

ಹಳೆಯ ಮಾಲೀಕರು ಈಚೆಗೆ ಬ್ಯಾಚ್ ದಾಖಲೆಯ ನಮೂನೆಯೊಂದನ್ನು ಕೇಳಿದರು. ತಾಪ, ಸಮಯ, ಪಿಎಚ್ ಬರೆಯುವ ಅಂಕಣಗಳನ್ನು ಹಾಕಿ ಕಳುಹಿಸಿದ್ದೇನೆ. ಎಲ್ಲಕ್ಕಿಂತ ಅಗಲವಾದ ಕೊನೆಯ ಅಂಕಣವನ್ನು, ಚಮಚ ಹಿಡಿದು ರುಚಿ ನೋಡಿದವರು ಏನೆಂದರು, ಏಕೆಂದರು ಎಂದು ಬರೆಯಲು ಬಿಟ್ಟಿದ್ದೇನೆ.