ಮಕ್ಕಳಿಲ್ಲದ ಹೆಣ್ಣುಮಗಳ ಮನೆ ಯಾರ ಪಾಲಾಗುತ್ತದೆ ಗೊತ್ತಾ?

ನಮ್ಮ ದೊಡ್ಡಮ್ಮ ತುಮಕೂರಿನಲ್ಲಿ ಒಂದು ಮನೆ ಕಟ್ಟಿಸಿದ್ದರು. ಥರ್ಟಿ-ಫಾರ್ಟಿ ಸೈಟು. ಒಂದು ಹಾಲು, ಎರಡು ರೂಮು, ಹಿತ್ತಲಲ್ಲಿ ಒಂದು ನಿಂಬೆ ಗಿಡ. ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದರು ಅವರು.

ಹತ್ತೊಂಬತ್ತಕ್ಕೆ ಮದುವೆ. ಎರಡು ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡರು. ಮಕ್ಕಳಿರಲಿಲ್ಲ. ತಿಥಿ ಮುಗಿದ ವಾರಕ್ಕೇ ಗಂಡನ ಮನೆಯವರು ತವರಿಗೆ ಕಳಿಸಿದರು. ಆಮೇಲೆ ಆ ಕಡೆಯಿಂದ ಒಂದು ಕಾಗದವೂ ಬರಲಿಲ್ಲ. ತಾತ ಟೀಚರ್ ಆಗಲು ಬೇಕಾದ ಟಿ.ಸಿ.ಎಚ್. ತರಬೇತಿ ಓದಿಸಿದರು. ಕೆಲಸ ಸಿಕ್ಕಿತು. ಮೂವತ್ತೆರಡು ವರ್ಷ ಪಾಠ ಮಾಡಿದರು. ಮನೆ ಸಾಲದ ಕೊನೆಯ ಕಂತು ಕಟ್ಟಿದ ದಿನ ಬೀದಿಗೆಲ್ಲ ಹೋಳಿಗೆ ಹಂಚಿದ್ದು ನನಗೆ ಚೆನ್ನಾಗಿ ನೆನಪಿದೆ.

ಕೊನೆಯ ನಾಲ್ಕು ವರ್ಷ ನನ್ನ ಅಮ್ಮನೇ ಜೊತೆಗಿದ್ದು ನೋಡಿಕೊಂಡರು. "ಈ ಮನೆ ನಿನಗೇ ಕಣೇ" ಅಂತ ದೊಡ್ಡಮ್ಮ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ. ನಮ್ಮೆಲ್ಲರ ಎದುರಿಗೇ ಹೇಳಿದ್ದರು. ಬರೆದಿಡಲಿಲ್ಲ ಅಷ್ಟೇ. ಬ್ಯಾಂಕಿನಲ್ಲಿ ನಾಮಿನಿ ಅಂತ ಅಮ್ಮನ ಹೆಸರು ಇತ್ತು. ಹಾಗಾಗಿ ಮನೆಯೂ ಅಮ್ಮನಿಗೇ ಅಂತ ನಾವೆಲ್ಲ ಅಂದುಕೊಂಡಿದ್ದೆವು.

2017ರಲ್ಲಿ ದೊಡ್ಡಮ್ಮ ಹೋದರು. ಖಾತೆ ಬದಲಾಯಿಸೋಕೆ ಅಂತ ವಂಶವೃಕ್ಷ ಮಾಡಿಸಲು ಹೋದಾಗ ವಕೀಲರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಅವರ ಗಂಡನ ಕಡೆ ಯಾರಿದ್ದಾರೆ?" ನನಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. ಗಂಡನ ಕಡೆಗೂ ಈ ಮನೆಗೂ ಏನು ಸಂಬಂಧ?

ಇದೆ. ಕಾನೂನಿನ ಪ್ರಕಾರ ಪೂರ್ತಿ ಸಂಬಂಧ ಇದೆ. ದೊಡ್ಡಮ್ಮನ ಮೈದುನನಿಗೆ ಇಬ್ಬರು ಗಂಡು ಮಕ್ಕಳು. ಆ ಮನೆತನದಲ್ಲಿ ಉಳಿದಿದ್ದವರು ಅವರಿಬ್ಬರೇ. ದೊಡ್ಡಮ್ಮನ ಮುಖವನ್ನೇ ನೋಡದ ಆ ಇಬ್ಬರು ಅವರ ಮನೆಗೆ ವಾರಸುದಾರರು. ಒಡಹುಟ್ಟಿದ ತಂಗಿ, ಅಂದರೆ ನನ್ನ ಅಮ್ಮ, ಏನೂ ಅಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಸೆಕ್ಷನ್ ಇದನ್ನು ಹೇಳುತ್ತದೆ. ಹಿಂದೂ ಹೆಣ್ಣುಮಗಳು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಮಕ್ಕಳಿಗೆ ಮತ್ತು ಗಂಡನಿಗೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಆ ಕಡೆಯೂ ಯಾರೂ ಇಲ್ಲ ಅಂದರೆ ಮಾತ್ರ ಅವಳ ಹೆತ್ತ ಅಪ್ಪ ಅಮ್ಮನಿಗೆ. ಅಣ್ಣ, ತಮ್ಮ, ಅಕ್ಕ, ತಂಗಿಯರ ಸರದಿ ಅದಕ್ಕೂ ಆಮೇಲೆ.

ಇದನ್ನು ಗಂಡಸಿನ ವಿಷಯದ ಜೊತೆ ಇಟ್ಟು ನೋಡಿ. ಗಂಡಸು ಉಯಿಲು ಬರೆಯದೆ ಹೋದರೆ ಅವನ ಸ್ವಂತ ಆಸ್ತಿ ಹೆಂಡತಿಗೆ, ಮಕ್ಕಳಿಗೆ ಮತ್ತು ಅವನ ತಾಯಿಗೆ ಹೋಗುತ್ತದೆ. ತಾಯಿ ಮೊದಲ ಸಾಲಿನಲ್ಲೇ ಇದ್ದಾಳೆ. ಹೆಂಡತಿಯ ಕಡೆಯವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಗಂಡ ಇಲ್ಲದ, ಮಕ್ಕಳಿಲ್ಲದ ಹೆಣ್ಣುಮಗಳ ಆಸ್ತಿಗೆ ಮಾತ್ರ ಅವಳ ಅತ್ತೆ ಮೊದಲು, ಹೆತ್ತ ತಾಯಿ ಆಮೇಲೆ. ಇದು ನ್ಯಾಯವಾ?

ವಕೀಲರು ನಮಗೆ ನಾರಾಯಣಿ ದೇವಿ ಅನ್ನುವವರ ಕೇಸು ಹೇಳಿದರು. 1955ರಲ್ಲಿ ಮದುವೆ. ಮೂರು ತಿಂಗಳೊಳಗೆ ಗಂಡ ಹಾವು ಕಚ್ಚಿ ತೀರಿಕೊಂಡ. ಗಂಡನ ಮನೆಯವರು ಹೊರಗೆ ಹಾಕಿದರು. ಆಕೆ ತವರಿಗೆ ಬಂದು ಓದಿ, ಕೆಲಸ ಹಿಡಿದು, ದುಡಿದು ಸಂಪಾದಿಸಿದರು. 1996ರಲ್ಲಿ ತೀರಿಕೊಂಡರು. ಉಯಿಲು ಇರಲಿಲ್ಲ. ಒಂದು ಕಡೆ ಹೆತ್ತ ತಾಯಿ, ಇನ್ನೊಂದು ಕಡೆ ಸತ್ತ ಗಂಡನ ಸೋದರಿಯ ಮಕ್ಕಳು. ಕೇಸು ಸುಪ್ರೀಂ ಕೋರ್ಟ್ ತನಕ ಹೋಯಿತು. 2009ರಲ್ಲಿ ತೀರ್ಪು ಬಂತು. ಹೊರಗೆ ಹಾಕಿದವರ ಕಡೆಯವರೇ ಗೆದ್ದರು. ಸೆಕ್ಷನ್ ಹಾಗೇ ಇದೆ, ಬರೀ ಕನಿಕರದ ಮೇಲೆ ಹಕ್ಕು ತೀರ್ಮಾನಿಸಲು ಆಗುವುದಿಲ್ಲ ಅಂದಿತು ಕೋರ್ಟು. ಕೇಳುತ್ತಾ ಕೇಳುತ್ತಾ ನನಗೆ ನಮ್ಮ ದೊಡ್ಡಮ್ಮನ ಕತೆಯನ್ನೇ ಯಾರೋ ಮೊದಲೇ ಬರೆದಿಟ್ಟ ಹಾಗೆ ಅನಿಸಿತು.

ನಾವು ಕೋರ್ಟಿಗೆ ಹೋಗಲಿಲ್ಲ. ಆ ಇಬ್ಬರು ಹುಡುಗರ ಮೇಲೆ ನನಗೆ ಸಿಟ್ಟೂ ಇಲ್ಲ. ಅವರು ಕಳ್ಳತನ ಮಾಡಲಿಲ್ಲ, ಕಾನೂನು ಕೊಟ್ಟಿದ್ದನ್ನು ತೆಗೆದುಕೊಂಡರು. ನನ್ನ ಸಿಟ್ಟು ಆ ಸೆಕ್ಷನ್ ಮೇಲೆ.

2008ರಲ್ಲೇ ಕಾನೂನು ಆಯೋಗ ತನ್ನ 207ನೇ ವರದಿಯಲ್ಲಿ ಇದನ್ನು ತಿದ್ದಿ ಅಂತ ಹೇಳಿತ್ತು. ಹೆಣ್ಣುಮಗಳು ಸ್ವಂತ ದುಡಿದ ಆಸ್ತಿಯಾದರೆ ಗಂಡನ ಕಡೆಗೂ ತವರಿನ ಕಡೆಗೂ ಸಮವಾಗಿ ಹೋಗಲಿ ಅನ್ನುವುದು ಅದರ ಸಲಹೆ. ಆ ತಿದ್ದುಪಡಿ ಬರಲೇ ಇಲ್ಲ. 2025ರ ನವೆಂಬರ್‌ನಲ್ಲಿ ಈ ಸೆಕ್ಷನ್ ಪ್ರಶ್ನಿಸಿದ ಅರ್ಜಿಯೊಂದು ಸುಪ್ರೀಂ ಕೋರ್ಟಿನ ಮುಂದೆ ಬಂತು. ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ. ಸೆಕ್ಷನ್ ಸರಿಯೋ ತಪ್ಪೋ ಅನ್ನುವುದನ್ನು ಅಲ್ಲಿ ತೀರ್ಮಾನಿಸಲಿಲ್ಲ. ಆದರೆ ಹೆಣ್ಣುಮಕ್ಕಳೆಲ್ಲ ತಮ್ಮ ಆಸ್ತಿಗೆ ಉಯಿಲು ಬರೆದಿಡಿ ಅಂತ ಪೀಠ ಮನವಿ ಮಾಡಿತು. ದೇಶದ ದೊಡ್ಡ ಕೋರ್ಟೇ ಹೀಗೆ ಹೇಳುತ್ತಿದೆ ಅಂದರೆ ಯೋಚನೆ ಮಾಡಿ.

ಬೇಸರ ಯಾಕೆ ಜಾಸ್ತಿ ಅಂದರೆ, ಈ ವಿಷಯದಲ್ಲಿ ನಮ್ಮ ನಾಡು ಯಾವತ್ತೂ ಮುಂದೆ ಇತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ಮಾಡಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಅಂತ ದೇಶಕ್ಕೆಲ್ಲ ಆಗಿದ್ದು 2005ರಲ್ಲಿ. ಅದನ್ನು ಕರ್ನಾಟಕ 1994ರಲ್ಲೇ, ಆ ಹೊತ್ತಿಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಕೊಟ್ಟಿತ್ತು. ಮಗಳಿಗೆ ಪಾಲು ಕೊಡಬೇಕಾ ಬೇಡವಾ ಅಂತ ಮನೆಮನೆಯಲ್ಲಿ ಜಗಳ ಆಗಿದೆ. ಪಾಲು ಬಿಟ್ಟುಕೊಟ್ಟೆ ಅನ್ನುವ ರಿಲೀಸ್ ಡೀಡಿಗೆ ಸಹೋದರರು ಸಹಿ ಹಾಕಿಸಿಕೊಂಡಿದ್ದೂ ಆಗಿದೆ. ಆದರೆ ಅದೇ ಮಗಳು ತೀರಿಕೊಂಡ ಮೇಲೆ ಅವಳ ಆಸ್ತಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಮಾತಾಡುವುದಿಲ್ಲ.

ಇನ್ನೊಂದು ಗುಟ್ಟಿನ ಗುಂಡಿ ಇದೆ, ಅಪ್ಪಂದಿರು ಕೇಳಿಸಿಕೊಳ್ಳಿ. ಅಪ್ಪ ಅಮ್ಮನಿಂದ ವಾರಸುದಾರಿಕೆಯಲ್ಲಿ ಬಂದ ಆಸ್ತಿಯಾದರೆ, ಮಗಳಿಗೆ ಮಕ್ಕಳು ಮೊಮ್ಮಕ್ಕಳು ಇಲ್ಲದಿದ್ದಾಗ ಅದು ಅಪ್ಪನ ವಾರಸುದಾರರಿಗೆ ವಾಪಸ್ ಬರುತ್ತದೆ. ಕಾಯ್ದೆಯಲ್ಲಿ ಅಷ್ಟು ರಕ್ಷಣೆ ಇದೆ. ಆದರೆ ನೀವು ಪ್ರೀತಿಯಿಂದ ಬದುಕಿರುವಾಗಲೇ ದಾನಪತ್ರ ಮಾಡಿ ಸೈಟು ಕೊಟ್ಟಿರಿ ಅಂತಿಟ್ಟುಕೊಳ್ಳಿ. ದಾನ ಅಂದರೆ ವಾರಸುದಾರಿಕೆ ಅಲ್ಲ. ಹಾಗಾಗಿ ಆ ಸೈಟಿಗೆ ಈ ರಕ್ಷಣೆ ಇಲ್ಲ, ಅದು ಗಂಡನ ಕಡೆಯ ದಾರಿ ಹಿಡಿಯುತ್ತದೆ. ದಾನಪತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಮಾಡಿದ ದಿನವೇ ಮಗಳಿಗೆ ಒಂದು ಉಯಿಲು ಬರೆಯಲು ಹೇಳಿ.

ನಾಮಿನಿ ವಿಷಯವನ್ನೂ ಸ್ವಲ್ಪ ತಿಳಿದುಕೊಳ್ಳಿ, ನಾವು ಎಡವಿದ್ದೇ ಅಲ್ಲಿ. ಬ್ಯಾಂಕಿನಲ್ಲಿ ನಾಮಿನಿ ಅಂದರೆ ದುಡ್ಡನ್ನು ಕೈಗೆ ಪಡೆಯುವವರು ಅಷ್ಟೇ. ಅದರ ಒಡೆಯರು ವಾರಸುದಾರರೇ. ದೊಡ್ಡಮ್ಮನ ಎಫ್‌ಡಿ ದುಡ್ಡು ಅಮ್ಮನ ಕೈಗೇ ಬಂತು. ಅದನ್ನೂ ಅಮ್ಮ ಆ ಹುಡುಗರಿಗೆ ಲೆಕ್ಕ ಹಾಕಿ ಕೊಟ್ಟರು.

"ಉಯಿಲು ಅಂದರೆ ಸಾವನ್ನು ಕರೆದ ಹಾಗೆ" ಅಂತ ಹೇಳುವವರು ನಮ್ಮ ಮನೆಯಲ್ಲೂ ಇದ್ದರು. "ನಿನಗೇನು ಅಂಥಾ ಆಸ್ತಿ ಇದೆ" ಅನ್ನುವವರೂ ಇದ್ದಾರೆ. ಇವತ್ತು ಬೆಂಗಳೂರಿನಲ್ಲಿ ಎಷ್ಟು ಹೆಣ್ಣುಮಕ್ಕಳು ಸ್ವಂತ ಇಎಂಐ ಕಟ್ಟಿ ಫ್ಲಾಟು ತೆಗೆದುಕೊಂಡಿದ್ದಾರೆ, ಯೋಚಿಸಿ. ಎಷ್ಟೋ ಜನಕ್ಕೆ ಮಕ್ಕಳಿಲ್ಲ, ಕೆಲವರಿಗೆ ಬೇಡವೂ ಬೇಡ. ಮಗಳ ಡೌನ್ ಪೇಮೆಂಟಿಗೆ ಊರಿನ ಗದ್ದೆ ಮಾರಿದ ಅಪ್ಪ ಅಮ್ಮ ಇದ್ದಾರೆ. ಆ ಫ್ಲಾಟಿಗೆ ಉಯಿಲು ಇಲ್ಲ ಅಂದರೆ ಗದ್ದೆ ಮಾರಿದವರಿಗೆ ಏನು ಉಳಿಯುತ್ತದೆ?

ಉಯಿಲು ಬರೆಯೋದು ಕಷ್ಟ ಅಲ್ಲ. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಹದಿನೆಂಟು ತುಂಬಿರಬೇಕು, ಬುದ್ಧಿ ಸ್ವಸ್ಥವಾಗಿರಬೇಕು. ನೀವು ಸಹಿ ಹಾಕಬೇಕು, ಇಬ್ಬರು ಸಾಕ್ಷಿಗಳು ನಿಮ್ಮ ಎದುರಿಗೇ ಸಹಿ ಹಾಕಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬೇಡಿ, ಆಮೇಲೆ ಅನುಮಾನಕ್ಕೆ ದಾರಿ. ನಿಮಗಿಂತ ಚಿಕ್ಕ ವಯಸ್ಸಿನ ಸಾಕ್ಷಿ ಒಳ್ಳೆಯದು. ನಾಳೆ ಕೋರ್ಟಿನಲ್ಲಿ ಬಂದು ಹೇಳಲು ಅವರು ಇರಬೇಕಲ್ವಾ? ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ. ಆದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಡಿ ಅನ್ನುವುದು ನನ್ನ ಮಾತು, ಕಳೆದುಹೋಯಿತು ಅನ್ನುವ ಭಯ ಇರುವುದಿಲ್ಲ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹೊಸದು ಬರೆಯಬಹುದು. ಕೊನೆಯದೇ ನಡೆಯುವುದು. ಕೂಡು ಆಸ್ತಿಯಾದರೆ ನಿಮ್ಮ ಪಾಲಿಗೆ ಮಾತ್ರ ಬರೆಯಬಹುದು, ಬೇರೆಯವರದ್ದಕ್ಕಲ್ಲ.

ನಾನು ಹೇಳಿದ್ದೆಲ್ಲ ಹಿಂದೂ ಕಾಯ್ದೆಯ ಮಾತು. ಬೌದ್ಧರು, ಜೈನರು, ಸಿಖ್ಖರಿಗೂ ಅದೇ ಕಾಯ್ದೆ. ಮುಸ್ಲಿಂ, ಕ್ರೈಸ್ತ ಗೆಳತಿಯರಿಗೆ ನಿಯಮ ಬೇರೆ, ಗೊತ್ತಿರುವ ವಕೀಲರನ್ನು ಕೇಳಿ.

ಹಿಂದೊಮ್ಮೆ ಗೆಳತಿಯೊಬ್ಬಳು ಕೇಳಿದ್ದಳು, ಉಯಿಲನ್ನು ಇಂಗ್ಲಿಷಿನಲ್ಲೇ ಬರೆಯಬೇಕಾ ಅಂತ. ಬೇಡ. ನನ್ನ ಅಮ್ಮ ತಮ್ಮ ಉಯಿಲನ್ನು ಕನ್ನಡದಲ್ಲೇ ಕೈಯಲ್ಲಿ ಬರೆದಿದ್ದಾರೆ, ಒಂದೂವರೆ ಪುಟ. ಎದುರು ಮನೆಯ ಗಂಡ ಹೆಂಡತಿ ಸಾಕ್ಷಿ ಹಾಕಿದ್ದಾರೆ. ಬಳೆ, ಸರ, ಪೋಸ್ಟ್ ಆಫೀಸಿನ ದುಡ್ಡು, ಎಲ್ಲಕ್ಕೂ ಹೆಸರು ಬರೆದಿದ್ದಾರೆ. ದೊಡ್ಡಮ್ಮನ ಮನೆಯಿಂದ ತಂದ ಹಿತ್ತಾಳೆ ಕೊಳಗ ನನ್ನ ಮಗಳಿಗಂತೆ.