ಡ್ರಾಯಿಂಗ್ ಮೇಷ್ಟ್ರು ಬಣ್ಣ ಕಲಸುವ ಹೊತ್ತು

ಶಾಲೆಯಲ್ಲಿ ಯಾರದ್ದೂ ಅಲ್ಲದ ಕೆಲಸವೆಲ್ಲ ಡ್ರಾಯಿಂಗ್ ಮೇಷ್ಟ್ರದ್ದು. ಆಗಸ್ಟ್ 15ಕ್ಕೆ ಬ್ಯಾನರ್, ಶಾರದಾ ಪೂಜೆಗೆ ಮಂಟಪ, ಪ್ರತಿಭಾ ಕಾರಂಜಿಗೆ ಬೋರ್ಡು, ವಾರ್ಷಿಕೋತ್ಸವಕ್ಕೆ ಥರ್ಮಾಕೋಲ್ ಅಕ್ಷರ. "ನಿಮಗೇನು ಮೇಷ್ಟ್ರೇ, ಎರಡು ನಿಮಿಷದ ಕೆಲಸ" ಅನ್ನುವವರಿಗೆ ಥರ್ಮಾಕೋಲ್ ವಿಷಯ ಗೊತ್ತಿಲ್ಲ. ಸ್ಪ್ರೇ ಪೇಂಟ್ ನೇರ ಹೊಡೆದರೆ ಅದರೊಳಗಿನ ದ್ರಾವಕ ಅಕ್ಷರವನ್ನೇ ತಿಂದುಹಾಕುತ್ತದೆ. ಮೊದಲು ನೀರಿನಲ್ಲಿ ಕಲಸುವ ಗೋಡೆ ಬಣ್ಣ ಎಮಲ್ಷನ್ ಎರಡು ಕೋಟು ಬಳಿದು ಒಣಗಿಸಬೇಕು. ಬಳಿಯದೆ ಬಿಟ್ಟ ಚುಕ್ಕೆಯಷ್ಟು ಜಾಗದಲ್ಲೂ ಗುಳಿ ಬೀಳುತ್ತದೆ. ಅಷ್ಟರಲ್ಲಿ ಸಂಜೆ ಆರು.

ಇನ್ನು ಸ್ವಂತ ಚಿತ್ರ ಯಾವಾಗ? ಪುರುಸೊತ್ತಿಲ್ಲ ಎನ್ನುವುದು ಎಲ್ಲರೂ ಹೇಳುವ ಮಾತು. ಹಟ ಹಿಡಿದರೆ ದಿನಕ್ಕೆ ಮುಕ್ಕಾಲು ಗಂಟೆ ಹೇಗೋ ಸಿಗುತ್ತದೆ, ಸಿಗದಿರುವುದು ಕೈ. 40 ನಿಮಿಷದ ಪಿರಿಯಡ್‌ನಲ್ಲಿ ನೀರು ಹಂಚಲು ಐದು, ತೊಳೆದು ಒರೆಸಲು ಹತ್ತು ಕಳೆದು, ಉಳಿದದ್ದರಲ್ಲಿ ಒಂದು ಹೂಜಿ ಬರೆದು ತೋರಿಸಬೇಕು. ನಡುಗೆರೆ, ಎರಡು ಬದಿ ಸಮ, ಬಾಯಿಗೆ ಅಂಡಾಕಾರ, ಎಡಕ್ಕೆ ಬೆಳಕು, ಬಲಕ್ಕೆ ನೆರಳು. ಮಕ್ಕಳು ಕಟ್ಟುವ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಅದು ಸರಿಯೇ. ಕಷ್ಟವೆಂದರೆ, ಸಂಜೆ ಈಸಲ್ ಮುಂದೆ ನಿಂತಾಗಲೂ ಕೈ ಅದೇ ಹೂಜಿಯ ಬುದ್ಧಿ ತೋರಿಸುತ್ತದೆ, ಉತ್ತರ ಗೊತ್ತಿರುವ ಚಿತ್ರವನ್ನೇ ಬರೆಯುತ್ತದೆ. ಇದನ್ನು ಬಿಡಿಸಲು ಮೊದಲ ಹತ್ತು ನಿಮಿಷ ಎದುರಿಗಿರುವ ಕುರ್ಚಿಯನ್ನು ಬರೆಯದೆ, ಅದರ ಕಾಲುಗಳ ನಡುವಿನ ಖಾಲಿ ಜಾಗವನ್ನಷ್ಟೇ ಬರೆಯುವುದು ಒಳ್ಳೆಯದು. ಆ ಆಕಾರಗಳಿಗೆ ಹೆಸರಿಲ್ಲ, ಆದ್ದರಿಂದ ಕಣ್ಣು ನೋಡಲೇಬೇಕಾಗುತ್ತದೆ.

ದೊಡ್ಡ ಚಿತ್ರಕಾರರಾದ ಕೆ.ಕೆ. ಹೆಬ್ಬಾರರೂ ಕಲಿಸಿದವರಲ್ಲವೇ, ಆರ್.ಎಂ. ಹಡಪದರೂ ಕಲಿಸಿದವರಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಒಬ್ಬರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ, ಇನ್ನೊಬ್ಬರು ತಾವೇ ಕಟ್ಟಿದ ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ. ಅವರ ಮುಂದೆ ಕೂತಿದ್ದವರು ಕಲೆ ಕಲಿಯಲೆಂದೇ ಬಂದವರು. ಏಳನೇ ಬಿ ಸೆಕ್ಷನ್ ಅಲ್ಲ.

ಟೈಮ್‌ಟೇಬಲ್ ನೋಡಿ ಮಾಧ್ಯಮ ಆರಿಸಿಕೊಳ್ಳುವುದೇ ಜಾಣತನ. ಬೇಗ ಒಣಗುತ್ತದೆಂದು ಅನೇಕರು ಅಕ್ರಿಲಿಕ್ ಹಿಡಿಯುತ್ತಾರೆ, ಅದೇ ಕಾಟ. ಹಸಿಯಿರುವಾಗಿನ ಬಣ್ಣಕ್ಕಿಂತ ಒಣಗಿದ್ದು ಒಂದು ಛಾಯೆ ಗಾಢ. ನಿನ್ನೆಯ ಅರ್ಧ ಆಕಾಶಕ್ಕೆ ಇವತ್ತು ಕಲಸಿದ ನೀಲಿ ಕೂಡುವುದೇ ಇಲ್ಲ. ಬೇಕಾದದ್ದರ ಎರಡರಷ್ಟು ಕಲಸಿಟ್ಟುಕೊಳ್ಳಬೇಕು. ಚಪ್ಪಟೆ ಡಬ್ಬಿಯ ತಳಕ್ಕೆ ಒದ್ದೆ ಸ್ಪಂಜು, ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ, ಬಿಗಿ ಮುಚ್ಚಳ. ನಾಲ್ಕೈದು ದಿನ ಮೆತ್ತಗಿರುತ್ತದೆ. ನೀರು ಹೆಚ್ಚಾದರೆ ಬಣ್ಣ ಹರಿದು ಒಂದಕ್ಕೊಂದು ಸೇರುತ್ತದೆ, ವಾರ ಮರೆತರೆ ಬೂಷ್ಟು. ತೈಲವರ್ಣವಾದರೆ ಒಂದೆರಡು ದಿನ ಹಸಿಯಾಗಿಯೇ ಕಾಯುತ್ತದೆ; ತುಂಡು ತುಂಡು ಹೊತ್ತಿಗೆ ಅದೇ ವಾಸಿ. ಆದರೆ ಅಂಬರ್ ಎಂಬ ಕಂದು ಬೇಗ ಒಣಗುತ್ತದೆ, ಐವರಿ ಬ್ಲ್ಯಾಕ್ ಎಂಬ ಕಪ್ಪು ನಿಧಾನ. ಕಪ್ಪಿನ ಮೇಲೆ ಆತುರಕ್ಕೆ ಅಂಬರ್ ಹಚ್ಚಿದರೆ ಮುಂದೆ ಬಿರುಕು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಟರ್ಪೆಂಟೈನ್ ವಾಸನೆಗೆ ಆಗುವ ಜಗಳ ಬೇರೆ. ಜಲವರ್ಣವನ್ನಂತೂ ನಡುವೆ ನಿಲ್ಲಿಸುವಂತಿಲ್ಲ. 15x22 ಇಂಚಿನ ಅರ್ಧ ಹಾಳೆಗೆ ವಾಷ್, ಅಂದರೆ ನೀರಾದ ಬಣ್ಣದ ತೆಳು ಪದರ, ಕೊಡುವಾಗ ಯಾರಾದರೂ ಬಾಗಿಲು ಬಡಿದರೆ ಅಂಚು ಒಣಗಿ ಗೆರೆ ಉಳಿಯುತ್ತದೆ. ವಾಷ್ ಮುಗಿಸಿ, ಅದು ಒಣಗುವಷ್ಟರಲ್ಲಿ ಉತ್ತರ ಪತ್ರಿಕೆ ತಿದ್ದಬಹುದು.

ಜನವರಿ ಆರಂಭದ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ, ಕಲಾವಿದರು ಚಿತ್ರ ಮಾರುವ ಬೀದಿ ಸಂತೆ. ಡಿಸೆಂಬರ್‌ನಲ್ಲಿ ಶಾಲೆಯ ವಾರ್ಷಿಕೋತ್ಸವ ಮೇಷ್ಟ್ರನ್ನು ನುಂಗುತ್ತದೆ. ಹಾಗಾಗಿ ಸಂತೆಗೆ ಹೋಗುವ ತೈಲಚಿತ್ರ ದಸರಾ ರಜೆಯಲ್ಲೇ ಮುಗಿಯಬೇಕು. ಕೊನೆಯ ವಾರ್ನಿಶ್‌ಗೆ ಆರು ತಿಂಗಳು ಕಾಯಬೇಕೆಂಬುದು ರೂಢಿ; ಅಷ್ಟು ಕಾಯಲಾಗದವರು ತೆಳುವಾಗಿ ರೀಟಚ್ ಎಂಬ ತಾತ್ಕಾಲಿಕ ವಾರ್ನಿಶ್ ಹೊಡೆದು ಒಯ್ಯುತ್ತಾರೆ. ಜಲವರ್ಣಕ್ಕೆ ಗಾಜು ಹಾಕಿಸುವುದಿದ್ದರೆ ನವೆಂಬರ್ ಮುಗಿಯುವುದರೊಳಗೆ ಫ್ರೇಮ್ ಅಂಗಡಿಗೆ ಕೊಟ್ಟುಬಿಡಬೇಕು. ಆಮೇಲೆ ಹೋದರೆ ಅಲ್ಲಿ ಉಳಿದ ಡ್ರಾಯಿಂಗ್ ಮೇಷ್ಟ್ರುಗಳೆಲ್ಲ ಸಾಲಾಗಿ ನಿಂತಿರುತ್ತಾರೆ.